ಕಣ್ಣೀರು ನಿಜವಿರಬಹುದು, ಖಾತೆ ಯಾರದು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ನಿವೃತ್ತ ಶಾಲಾ ಶಿಕ್ಷಕಿ. ಮೊಬೈಲಿನಲ್ಲಿ ದಿನಕ್ಕೊಂದಾದರೂ ಇಂಥ ವಿಡಿಯೋ ಬರುತ್ತದೆ: ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿರುವ ಮಗು, ಪಕ್ಕದಲ್ಲಿ ಕೈಮುಗಿದು ಅಳುವ ತಾಯಿ, 'ಹೃದಯದಲ್ಲಿ ರಂಧ್ರವಿದೆ, ಇನ್ನು ಮೂರೇ ದಿನ, ಎಂಟು ಲಕ್ಷ ಬೇಕು' ಎನ್ನುವ ಧ್ವನಿ, ಕೆಳಗೊಂದು ಕ್ಯೂಆರ್ ಕೋಡ್. ಕಳೆದ ತಿಂಗಳು ಮನಸ್ಸು ತಡೆಯದೆ 2,000 ರೂಪಾಯಿ ಕಳುಹಿಸಿದೆ. ಮೊನ್ನೆ ಅದೇ ಮಗು ಬೇರೆ ಹೆಸರಿನಲ್ಲಿ, ಬೇರೆ ಊರಿನದೆಂದು ಹೇಳಿಕೊಂಡು ಮತ್ತೆ ಕಾಣಿಸಿತು. ಪಕ್ಕದ ಮನೆಯ ಹುಡುಗ 'ಇವೆಲ್ಲ ಮೋಸ, ಒಂದಕ್ಕೂ ಕೊಡಬೇಡಿ' ಎನ್ನುತ್ತಾನೆ. ನಮ್ಮ ಯಜಮಾನರು 'ನೂರರಲ್ಲಿ ಒಂದು ನಿಜವಿದ್ದು ಅದಕ್ಕೂ ಕೊಡದಿದ್ದರೆ ಹೇಗೆ' ಎನ್ನುತ್ತಾರೆ. ವಿಡಿಯೋ ನೋಡಿ ನಿಜ ಸುಳ್ಳು ತಿಳಿಯುವ ದಾರಿ ಇದೆಯೇ? ಅಮೆರಿಕದಲ್ಲಿರುವ ಮಗಳೂ ಇಂಥವಕ್ಕೆ ಹಣ ಕಳುಹಿಸುತ್ತಾಳೆ, ಅವಳಿಗೆ ಏನು ಹೇಳಲಿ?

ಉತ್ತರ: ಮಾನ್ಯರೇ, ನಾನು ವಿಡಿಯೋ ಪರೀಕ್ಷೆಯ ತಜ್ಞನಲ್ಲ. ದತ್ತಿ ಸಂಸ್ಥೆಗಳ ಲೆಕ್ಕಪತ್ರ ಪರಿಶೋಧನೆಯಲ್ಲಿ ಬಹಳ ವರ್ಷ ಕಳೆದವನು. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಉತ್ತರಿಸುತ್ತೇನೆ. 'ಈ ವಿಡಿಯೋ ನಿಜವೇ' ಎಂದು ನೀವು ಕೇಳುವಾಗ ಆ ಒಂದು ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿರುತ್ತವೆ: ಆ ಮಗುವಿಗೆ ನಿಜವಾಗಿ ಕಾಯಿಲೆಯಿದೆಯೇ, ಹಣ ಕೇಳುತ್ತಿರುವವರು ಆ ಮಗುವಿನ ಕಡೆಯವರೇ, ಕೊಟ್ಟ ಹಣ ಆ ಮಗುವಿನ ಚಿಕಿತ್ಸೆಗೆ ಹೋಗುತ್ತದೆಯೇ. ವಿಡಿಯೋವನ್ನು ಎಷ್ಟು ಸಲ ನೋಡಿದರೂ ಮೊದಲನೆಯದಕ್ಕೆ ಅರ್ಧ ಉತ್ತರ ಸಿಗಬಹುದು, ಉಳಿದೆರಡಕ್ಕೆ ಸಿಗುವುದಿಲ್ಲ. ಪಕ್ಕದ ಮನೆಯ ಹುಡುಗ ಮತ್ತು ನಿಮ್ಮ ಯಜಮಾನರು ಇಬ್ಬರೂ ಮೊದಲನೆಯ ಪ್ರಶ್ನೆಯ ಬಗ್ಗೆಯೇ ವಾದಿಸುತ್ತಿದ್ದಾರೆ. ವಂಚನೆ ನಡೆಯುವುದು ಹೆಚ್ಚಾಗಿ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಜಾಗದಲ್ಲಿ.

ಇದಕ್ಕೆ ಒಂದು ಕಠೋರ ಉದಾಹರಣೆ ಕೊಡುತ್ತೇನೆ. 2025ರ ಡಿಸೆಂಬರಿನಲ್ಲಿ ಬಿಬಿಸಿ ವರ್ಲ್ಡ್ ಸರ್ವೀಸ್ ಪ್ರಕಟಿಸಿದ ತನಿಖೆಯೊಂದರಲ್ಲಿ, ಫಿಲಿಪ್ಪೀನ್ಸ್, ಕೊಲಂಬಿಯಾ ಮೊದಲಾದ ದೇಶಗಳ ಕ್ಯಾನ್ಸರ್ ಪೀಡಿತ ಮಕ್ಕಳನ್ನು ಬಳಸಿಕೊಂಡು ಅಂತರಜಾಲದಲ್ಲಿ ದೊಡ್ಡ ಮೊತ್ತ ಸಂಗ್ರಹಿಸಿದ ಜಾಲದ ವಿವರವಿತ್ತು. ಆ ಮಕ್ಕಳಿಗೆ ಕಾಯಿಲೆ ನಿಜವಾಗಿಯೇ ಇತ್ತು, ತಾಯಂದಿರೂ ನಿಜವಾದ ತಾಯಂದಿರೇ. ಆದರೆ ಚಿತ್ರೀಕರಣಕ್ಕೆ ಬಂದವರು ಒಬ್ಬ ಬಾಲಕನ ತಲೆ ಬೋಳಿಸಿ, ಡ್ರಿಪ್ ಹಾಕಿದಂತೆ ಕೂರಿಸಿ, ಅಳು ಬರಲೆಂದು ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ ಇಟ್ಟಿದ್ದರೆಂದು ಅವನ ತಾಯಿ ಹೇಳಿದ್ದರು. ಸಂಗ್ರಹವಾದ ಹಣದ ವಿಷಯ ಕೇಳಿದಾಗ ಆ ಪ್ರಚಾರ ಫಲಿಸಲಿಲ್ಲವೆಂಬ ಉತ್ತರ ಬಂದಿತ್ತು. ಕುಟುಂಬದ ಕೈಗೆ ಸಿಕ್ಕಿದ್ದು ಚಿತ್ರೀಕರಣದ ಸಂಭಾವನೆ ಮಾತ್ರ. ಈ ವಿಡಿಯೋವನ್ನು ಯಾವ ಪ್ರಯೋಗಾಲಯಕ್ಕೆ ಕಳುಹಿಸಿದರೂ 'ತಿರುಚಿದ ದೃಶ್ಯವಲ್ಲ' ಎಂಬ ಪ್ರಮಾಣಪತ್ರವೇ ಸಿಗುತ್ತಿತ್ತು. ಆದ್ದರಿಂದ ಕಣ್ಣೀರನ್ನು ನೋಡಿ ತೀರ್ಮಾನಿಸಬೇಡಿ ಎಂದರೆ, ಅಳುವವರನ್ನು ನಂಬಬೇಡಿ ಎಂದು ಅರ್ಥವಲ್ಲ. ಕಣ್ಣೀರಿಗೂ ಕ್ಯೂಆರ್ ಕೋಡಿಗೂ ಸಂಬಂಧವಿದೆಯೇ ಎಂದು ಬೇರೆಯಾಗಿ ನೋಡಬೇಕು ಎಂದರ್ಥ.

ನಿಮ್ಮ ಅನುಭವದಲ್ಲಿ ಆಗಿರುವುದು ಬಹುಶಃ ಇದಕ್ಕಿಂತ ಸರಳವಾದ, ನಮ್ಮಲ್ಲಿ ಅತ್ಯಂತ ಸಾಮಾನ್ಯವಾದ ಬಗೆ: ಕದ್ದ ವಿಡಿಯೋ. ಎಲ್ಲೋ ಒಂದು ಆಸ್ಪತ್ರೆಯಲ್ಲಿ, ಯಾವುದೋ ಕುಟುಂಬ ನಿಜವಾದ ಕಷ್ಟದಲ್ಲಿ ಮಾಡಿದ ವಿಡಿಯೋವನ್ನು ಇಳಿಸಿಕೊಂಡು, ಮೂಲದ ಧ್ವನಿ ತೆಗೆದು ಕನ್ನಡದಲ್ಲಿ ಹೊಸ ಧ್ವನಿ ಸೇರಿಸಿ, ಕೆಳಗಿನ ಪಟ್ಟಿಯನ್ನು ಮುಚ್ಚಿ ತಮ್ಮ ಕ್ಯೂಆರ್ ಅಂಟಿಸುತ್ತಾರೆ. ಇದಕ್ಕೆ ಒಂದು ಫೋನು, ಅರ್ಧ ಗಂಟೆ ಸಾಕು. ಅದೇ ಮಗು ಎರಡು ಹೆಸರಿನಲ್ಲಿ ಕಂಡಿತೆಂದರೆ ಮಗು ಸುಳ್ಳೆಂದು ಹೇಳಲಾಗದು. ಎರಡರಲ್ಲಿ ಒಂದು ಖಾತೆಯಂತೂ, ಅಥವಾ ಎರಡೂ, ಸುಳ್ಳೆಂದು ಹೇಳಬಹುದು. ಇಂಥ ಕಳವಿನಲ್ಲಿ ದಾನಿಗಿಂತ ಹೆಚ್ಚು ನಷ್ಟವಾಗುವುದು ಆ ಮೂಲ ಕುಟುಂಬಕ್ಕೆ, ಏಕೆಂದರೆ ಅವರಿಗೆ ಬರಬೇಕಾದ ಹಣ ದಾರಿಯಲ್ಲೇ ಕವಲೊಡೆಯುತ್ತದೆ ಮತ್ತು ಸುದ್ದಿ ಹರಡಿದ ಮೇಲೆ ಅವರನ್ನೇ ಜನ ಮೋಸಗಾರರೆಂದು ಬೈಯುತ್ತಾರೆ.

ವಿಡಿಯೋದಲ್ಲಿ ನೋಡಬಹುದಾದುದು ಏನೂ ಇಲ್ಲವೆಂದಲ್ಲ. ಧ್ವನಿ ನಿಲ್ಲಿಸಿ ಒಮ್ಮೆ ನೋಡಿ. ಹಿನ್ನೆಲೆ ಸಂಗೀತ ಮತ್ತು ಅವಸರದ ಮಾತು ಇಲ್ಲದಿದ್ದಾಗ ಕಣ್ಣಿಗೆ ಬೀಳುವ ಸಂಗತಿಗಳೇ ಬೇರೆ. ಗೋಡೆಯ ಮೇಲಿನ ಫಲಕ ಯಾವ ಭಾಷೆಯಲ್ಲಿದೆ, ನರ್ಸ್ ತೊಟ್ಟ ಸಮವಸ್ತ್ರದ ಮೇಲೆ ಯಾವ ಆಸ್ಪತ್ರೆಯ ಗುರುತಿದೆ, ಹಾಸಿಗೆಯ ಬದಿಯ ಚೀಟಿಯಲ್ಲಿ ಯಾವ ಹೆಸರಿದೆ ಎಂದು ಗಮನಿಸಿ. ಧ್ವನಿ ಹೇಳುವ ಊರು ಕಲಬುರಗಿಯಾಗಿದ್ದು ಫಲಕವೆಲ್ಲ ಬಂಗಾಳಿಯಲ್ಲಿದ್ದರೆ ಕೇಳಬೇಕಾದ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ತಾಯಿಯ ತುಟಿಯ ಚಲನೆಗೂ ಕೇಳುವ ಮಾತಿಗೂ ಹೊಂದಿಕೆಯಿಲ್ಲದಿರುವುದು, ಕೆಳಗಿನ ಪಟ್ಟಿಯ ಒಂದು ಭಾಗ ಮಸುಕಾಗಿರುವುದು, ಹಳೆಯ ಕ್ಯೂಆರ್ ಮೇಲೆ ಹೊಸದು ಕೂತಂತೆ ಅಂಚು ಕಾಣಿಸುವುದು ಇವೆಲ್ಲ ಕಳವಿನ ಗುರುತುಗಳು. ಮಗುವಿನ ಮುಖ ಸ್ಪಷ್ಟವಾಗಿ ಕಾಣುವ ಕಡೆ ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಅದೇ ಚಿತ್ರ ಬೇರೆ ಕಡೆ ಎಲ್ಲೆಲ್ಲಿದೆ ಎಂದು ಎಷ್ಟೋ ಬಾರಿ ಗೊತ್ತಾಗುತ್ತದೆ. ಫೇಸ್‌ಬುಕ್ ಪುಟವಾದರೆ ಅದರ ಪಾರದರ್ಶಕತೆಯ ಭಾಗದಲ್ಲಿ ಪುಟ ಯಾವಾಗ ಶುರುವಾಯಿತು, ಹಿಂದೆ ಯಾವ ಹೆಸರಿತ್ತು, ನಡೆಸುವವರು ಯಾವ ದೇಶದಲ್ಲಿದ್ದಾರೆ ಎಂಬುದು ಕಾಣುತ್ತದೆ. ಇನ್‌ಸ್ಟಾಗ್ರಾಮಿನಲ್ಲೂ ಖಾತೆಯ ಕುರಿತ ಇಂಥದೇ ಮಾಹಿತಿ ಇದೆ. ಮೊನ್ನೆಯವರೆಗೆ ಸಿನಿಮಾ ಹಾಡು ಹಾಕುತ್ತಿದ್ದ ಪುಟ ಇದ್ದಕ್ಕಿದ್ದಂತೆ ಹೆಸರು ಬದಲಿಸಿಕೊಂಡು ಸೇವಾ ಸಂಸ್ಥೆಯಾಗಿದ್ದರೆ ನಾನು ಮುಂದಿನ ತನಿಖೆಗೂ ಹೋಗುವುದಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಫೆಬ್ರವರಿಯಲ್ಲಿ ಟರ್ಕಿ ಮತ್ತು ಸಿರಿಯಾದ ಭೂಕಂಪದ ಬಳಿಕ, ಮಗುವನ್ನು ಅಪ್ಪಿ ನಿಂತ ಅಗ್ನಿಶಾಮಕ ಸಿಬ್ಬಂದಿಯ ಚಿತ್ರವೊಂದನ್ನು ತೋರಿಸಿ ಕ್ರಿಪ್ಟೋ ಹಣ ಕೇಳಿದವರಿದ್ದರು. ಆ ವ್ಯಕ್ತಿಯ ಕೈಗೆ ಆರು ಬೆರಳುಗಳಿದ್ದವು. ಅಂದಿನಿಂದ 'ಬೆರಳು ಎಣಿಸಿ' ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಆ ಸಲಹೆಗೆ ಆಯಸ್ಸು ಮುಗಿದಿದೆ, ಈಗಿನ ಸಾಧನಗಳು ಬೆರಳುಗಳನ್ನು ಸರಿಯಾಗಿಯೇ ಬಿಡಿಸುತ್ತವೆ. ನಿಮ್ಮ ಕಣ್ಣನ್ನು ಆ ಪಂದ್ಯಕ್ಕೆ ಕಳುಹಿಸುವುದರಲ್ಲಿ ಪ್ರಯೋಜನವಿಲ್ಲ. ಪ್ರಾಣಿಗಳನ್ನು ಅಪಾಯದಿಂದ ಪಾರುಮಾಡುವ ವಿಡಿಯೋಗಳದ್ದು ಇನ್ನೊಂದು ಕಥೆ. ನಾಯಿಮರಿಯನ್ನು ಹೆಬ್ಬಾವಿನ ಮುಂದೆ ತಾವೇ ಬಿಟ್ಟು ಆಮೇಲೆ 'ರಕ್ಷಿಸುವ' ದೃಶ್ಯಗಳು ಹೆಚ್ಚಾಗಿ, ಇಂಥ ನಾಟಕಗಳನ್ನು ನಿಷೇಧಿಸುವುದಾಗಿ ಯೂಟ್ಯೂಬ್ 2021ರಲ್ಲಿ ಹೇಳಬೇಕಾಯಿತು. ಪ್ರಾಣಿ ಸಂಕಟಕ್ಕೆ ಬೀಳುವ ಮೊದಲೇ ಕ್ಯಾಮೆರಾ ಅಲ್ಲಿ ಹೇಗಿತ್ತು ಎಂದು ಕೇಳಿಕೊಂಡರೆ ಅಂಥವು ಹೆಚ್ಚಿನ ಪಾಲು ಬಯಲಾಗುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಡೀ ವಿಡಿಯೋದಲ್ಲಿ ಬದಲಾಯಿಸಲು ಅತಿ ಸುಲಭವಾದುದು ಕ್ಯೂಆರ್ ಕೋಡ್, ಮತ್ತು ಮನುಷ್ಯನ ಕಣ್ಣಿಗೆ ಓದಲಾಗದ್ದೂ ಅದೊಂದೇ. ಸರ್ಕಾರಗಳ ನಿಧಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2020ರ ಮಾರ್ಚಿನಲ್ಲಿ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಬೆನ್ನಿಗೇ ಅದರ ಯುಪಿಐ ವಿಳಾಸವನ್ನು ಹೋಲುವ ನಕಲಿ ವಿಳಾಸ ಹುಟ್ಟಿಕೊಂಡಿತು. ಅಸಲಿಗೂ ನಕಲಿಗೂ ಇದ್ದ ವ್ಯತ್ಯಾಸ 'ಕೇರ್ಸ್' ಎಂಬುದರ ಕೊನೆಯ 'ಎಸ್' ಎಂಬ ಒಂದೇ ಅಕ್ಷರ. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತವಾದಾಗ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಹಣ ಹಾಕಲು ನೀಡಿದ್ದ ಕ್ಯೂಆರ್ ಸೌಲಭ್ಯವನ್ನು, ದುರುಪಯೋಗದ ಸಾಧ್ಯತೆಯ ಕಾರಣದಿಂದ ಕೇರಳ ಸರ್ಕಾರವೇ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಆದ್ದರಿಂದ ನನ್ನದೊಂದು ಕಟ್ಟುನಿಟ್ಟಾದ ರೂಢಿಯಿದೆ, ನೀವೂ ಇಟ್ಟುಕೊಳ್ಳಬಹುದು: ವಿಡಿಯೋದೊಳಗಿನ ಕ್ಯೂಆರ್‌ಗೆ ಎಂದೂ ಹಣ ಹಾಕುವುದಿಲ್ಲ. ವಿಡಿಯೋ ನನಗೆ ವಿಷಯ ತಿಳಿಸಿದರೆ ಸಾಕು, ಹಣ ಕಳುಹಿಸುವ ದಾರಿಯನ್ನು ನಾನೇ ಹುಡುಕಿಕೊಳ್ಳುತ್ತೇನೆ.

ಕೋಡ್ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಹಣ ಹೋಗುವುದಿಲ್ಲ, ಪಿನ್ ಒತ್ತುವ ಮುನ್ನ ಪಡೆಯುವವರ ಹೆಸರು ತೆರೆಯ ಮೇಲೆ ಬರುತ್ತದೆ. 2025ರ ಜೂನ್ 30ರಿಂದ ಜಾರಿಯಾದ, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಸೂಚನೆಯಂತೆ, ಆ್ಯಪ್‌ಗಳು ಅಲ್ಲಿ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು. ಖಾತೆದಾರ ತಾನಾಗಿ ಇಟ್ಟುಕೊಂಡ ಹೆಸರು ನಡೆಯುವುದಿಲ್ಲ. ಆ ಎರಡು ಸೆಕೆಂಡ್ ಅಲ್ಲಿ ನಿಲ್ಲಿ. ಮಗುವಿನ ಹೆಸರು ಒಂದು, ತಂದೆಯ ಹೆಸರು ಇನ್ನೊಂದು, ತೆರೆಯ ಮೇಲೆ ಬಂದದ್ದು ಯಾವುದೋ ಟ್ರೇಡರ್ಸ್ ಅಥವಾ ಎಂಟರ್‌ಪ್ರೈಸಸ್ ಆಗಿದ್ದರೆ ವಾಪಸಾಗಿ. ವಂಚಕರು ಸ್ವಂತ ಖಾತೆ ಬಳಸುವುದು ಕಡಿಮೆ. ಕಮಿಷನ್ ಆಸೆಗೆ ಯಾರೋ ಬಿಟ್ಟುಕೊಟ್ಟ ಬಾಡಿಗೆ ಖಾತೆಗಳಿಗೆ ಹಣ ತರಿಸಿಕೊಳ್ಳುತ್ತಾರೆ, ಆದ್ದರಿಂದ ಹೆಸರಿಗೂ ಕಥೆಗೂ ತಾಳೆಯಾಗುವುದಿಲ್ಲ. ಇದರ ಜೊತೆಗೇ ಒಂದು ಎಚ್ಚರದ ಮಾತನ್ನೂ ಹೇಳಬೇಕು. ತಂದೆಯ ಸ್ವಂತ ಖಾತೆ ಕೊಟ್ಟಿದ್ದಾರೆಂಬ ಕಾರಣಕ್ಕೇ ಅದನ್ನು ಮೋಸವೆನ್ನಬೇಡಿ. ಹಳ್ಳಿಯಿಂದ ಬಂದು ಆಸ್ಪತ್ರೆಯ ವರಾಂಡದಲ್ಲಿ ಮಲಗುವ ಕೂಲಿಕಾರನಿಗೆ ಟ್ರಸ್ಟ್ ಎಲ್ಲಿಂದ ಬರಬೇಕು? ಅವನಿಗಿರುವುದು ಜನಧನ್ ಖಾತೆಯೊಂದೇ. ಅದಕ್ಕೆ ವಿರುದ್ಧವಾಗಿ, ಅಚ್ಚುಕಟ್ಟಾದ ಲಾಂಛನ, ನೋಂದಣಿ ಸಂಖ್ಯೆ, ಇಂಗ್ಲಿಷ್ ಹೆಸರು ಎಲ್ಲ ಇರುವ ಪುಟವೇ ಪೊಳ್ಳಾಗಿರಬಹುದು. ಖಾತೆ ವೈಯಕ್ತಿಕವೋ ಸಂಸ್ಥೆಯದೋ ಎಂಬುದಕ್ಕಿಂತ, ಅದು ರೋಗಿಯ ಕಡೆಯವರದೆಂದು ಮೂರನೆಯವರೊಬ್ಬರು ಹೇಳಬಲ್ಲರೇ ಎಂಬುದು ಮುಖ್ಯ.

ಆ ಮೂರನೆಯವರು ಬಹುಪಾಲು ಆಸ್ಪತ್ರೆಯೇ. ವಿಡಿಯೋದಲ್ಲಿ ಆಸ್ಪತ್ರೆಯ ಹೆಸರೇ ಇಲ್ಲದಿದ್ದರೆ ಅಲ್ಲಿಗೆ ವಿಚಾರ ಮುಗಿಯಿತು. ಹಣ ಬೇಕಾದವರು ಅದನ್ನು ಮುಚ್ಚಿಡುವುದಿಲ್ಲ. ಹೆಸರಿದ್ದರೆ ಆಸ್ಪತ್ರೆಯನ್ನು ವಿಚಾರಿಸಲು ವಿಡಿಯೋದಲ್ಲಿ ಕೊಟ್ಟ ನಂಬರ್ ಬಳಸಬೇಡಿ, ಆ ಆಸ್ಪತ್ರೆಯ ಸ್ವಂತ ಜಾಲತಾಣದಿಂದ ನಂಬರ್ ತೆಗೆದುಕೊಂಡು ಬಿಲ್ಲಿಂಗ್ ವಿಭಾಗವನ್ನೋ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನೋ ಕೇಳಿ. ರೋಗದ ವಿವರ ಕೇಳಿದರೆ ಅವರು ಹೇಳುವುದಿಲ್ಲ, ಹೇಳಲೂಬಾರದು. 'ಈ ಹೆಸರಿನ, ಈ ಐಪಿ ನಂಬರಿನ (ಆಸ್ಪತ್ರೆ ಒಳರೋಗಿಗೆ ಕೊಡುವ ಸಂಖ್ಯೆ) ರೋಗಿಯ ಬಿಲ್ಲಿಗೆ ಹೊರಗಿನವರು ನೇರವಾಗಿ ಹಣ ಕಟ್ಟಬಹುದೇ' ಎಂದು ಕೇಳಿ. ಈ ಪ್ರಶ್ನೆಗೆ ಉತ್ತರಿಸಲು ಅವರಿಗೆ ಅಡ್ಡಿಯಿಲ್ಲ, ಮತ್ತು ಆ ಉತ್ತರದಲ್ಲೇ ನಿಮಗೆ ಬೇಕಾದುದೆಲ್ಲ ಇರುತ್ತದೆ: ಅಂಥ ರೋಗಿ ಇದ್ದಾರೆ, ಈಗಲೂ ಒಳರೋಗಿಯಾಗಿದ್ದಾರೆ, ಬಾಕಿ ಇದೆ. ಐಪಿ ನಂಬರ್ ವಿಡಿಯೋದಲ್ಲಿ ಇಲ್ಲದಿದ್ದರೆ ಅಲ್ಲಿ ಕೊಟ್ಟ ಫೋನಿಗೆ ಕರೆ ಮಾಡಿ ಕೇಳಿ. ನಿಜವಾದ ತಂದೆ ತಾಯಿ ಅದನ್ನು ಬಾಯಿಪಾಠ ಹೇಳುತ್ತಾರೆ, ಏಕೆಂದರೆ ದಿನಕ್ಕೆ ಹತ್ತು ಸಲ ಔಷಧದಂಗಡಿಯಲ್ಲೂ ಲ್ಯಾಬಿನಲ್ಲೂ ಅದೇ ನಂಬರ್ ಹೇಳಬೇಕಾಗಿರುತ್ತದೆ. 'ಆಮೇಲೆ ಕಳಿಸ್ತೀನಿ, ಮೊದಲು ಹಾಕಿ ಸರ್, ಟೈಮ್ ಇಲ್ಲ' ಎಂಬ ಉತ್ತರ ಬಂದರೆ ನೀವು ಮಾತಾಡುತ್ತಿರುವುದು ಬೇರೆಯವರೊಡನೆ. ಹಣವನ್ನು ಆಸ್ಪತ್ರೆಯ ಖಾತೆಗೇ ಆ ನಂಬರ್ ನಮೂದಿಸಿ ಕಟ್ಟಿದರೆ, 'ಹಣ ಚಿಕಿತ್ಸೆಗೇ ಹೋಯಿತೇ' ಎಂಬ ಮೂರನೆಯ ಪ್ರಶ್ನೆಗೂ ಉತ್ತರ ಸಿಕ್ಕಂತಾಗುತ್ತದೆ.

ವಿಡಿಯೋದಲ್ಲಿ ತೋರಿಸುವ ಚಿಕಿತ್ಸಾ ವೆಚ್ಚದ ಅಂದಾಜು ಪಟ್ಟಿಯನ್ನೂ ಓದಿ. ನಾನು ಮೊದಲು ನೋಡುವುದು ಮೊತ್ತವನ್ನಲ್ಲ, ದಿನಾಂಕವನ್ನು. ಒಂದೂವರೆ ವರ್ಷದ ಹಿಂದಿನ ಪತ್ರ ಹಿಡಿದು 'ಮೂರೇ ದಿನ' ಎನ್ನುವುದು ತೀರಾ ಸಾಮಾನ್ಯ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಎಷ್ಟೋ ಕೋರಿಕೆಗಳು ಸುಳ್ಳಲ್ಲ, ಹಳಸಿದವು. ಮಗು ಗುಣವಾಗಿ ಶಾಲೆಗೆ ಹೋಗುತ್ತಿರುತ್ತದೆ ಅಥವಾ ತೀರಿಹೋಗಿ ವರ್ಷಗಳಾಗಿರುತ್ತವೆ, ಮನೆಯವರಿಗೆ ಮಾತ್ರ ಇನ್ನೂ ಅಪರಿಚಿತರ ಕರೆಗಳು ಬರುತ್ತಲೇ ಇರುತ್ತವೆ. ಇಂಥದನ್ನು ಮುಂದೆ ಕಳುಹಿಸುವುದು ಪುಣ್ಯದ ಕೆಲಸವೆಂದು ಭಾವಿಸುವವರು ಆ ಮನೆಯ ಫೋನು ರಿಂಗಾಗುವುದನ್ನು ಒಮ್ಮೆ ನೆನೆಯಬೇಕು.

ಮೊತ್ತದ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು, ಏಕೆಂದರೆ ಇಲ್ಲಿ ಎರಡು ಕಡೆಗೂ ತಪ್ಪಾಗುತ್ತದೆ. ದೊಡ್ಡ ಮೊತ್ತವೆಲ್ಲ ಸುಳ್ಳಲ್ಲ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಸ್ನಾಯುದೌರ್ಬಲ್ಯದ ಕಾಯಿಲೆಗೆ ಒಂದೇ ಬಾರಿ ಕೊಡುವ ವಂಶವಾಹಿ ಔಷಧ ಝೋಲ್ಗೆನ್ಸ್ಮಾದ ಬೆಲೆ ಸುಮಾರು 16 ಕೋಟಿ ರೂಪಾಯಿ ಎಂದು ಕೇಳಿದಾಗ ಯಾರಿಗಾದರೂ ಸುಳ್ಳೆನಿಸಬಹುದು, ಆದರೆ ಆ ಬೆಲೆ ನಿಜ, ಜನರಿಂದ ಅಷ್ಟು ಹಣ ಕೂಡಿಸಿ ಚಿಕಿತ್ಸೆ ಪಡೆದ ಕುಟುಂಬಗಳೂ ನಮ್ಮ ದೇಶದಲ್ಲಿವೆ. ಸಣ್ಣ ಮೊತ್ತವೆಲ್ಲ ನಿಜವೂ ಅಲ್ಲ. ನಿಮ್ಮ ವಿಡಿಯೋದಲ್ಲಿದ್ದಂತೆ ಹುಟ್ಟಿನಿಂದ ಬಂದ ಹೃದಯದ ರಂಧ್ರವೆಂದರೆ, ಅದಕ್ಕೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ಚಿಕಿತ್ಸೆಯ ವ್ಯವಸ್ಥೆಯಿದೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30ರಷ್ಟು ನೆರವಾಗುತ್ತದೆ. ಸಹಕಾರಿ ಸಂಘಗಳ ಸದಸ್ಯರಿಗೆ ಯಶಸ್ವಿನಿ ಇದೆ. ಆದ್ದರಿಂದ ಫೋನಿನಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ 'ಆಸ್ಪತ್ರೆಯ ಆರೋಗ್ಯ ಮಿತ್ರರು (ಇಂಥ ಯೋಜನೆಗಳ ನೆರವು ಕೊಡಿಸಲು ಅಲ್ಲಿರುವ ಸಿಬ್ಬಂದಿ) ಏನು ಹೇಳಿದರು' ಎಂಬುದು. ನಿಜವಾದ ಕುಟುಂಬ ಈ ಪ್ರಶ್ನೆಗೆ ಉದ್ದನೆಯ, ಗೊಂದಲದ, ಬೇಸರ ತುಂಬಿದ ಉತ್ತರ ಕೊಡುತ್ತದೆ: ಕಾರ್ಡ್ ಇದೆ ಆದರೆ ಈ ಔಷಧ ಪ್ಯಾಕೇಜಿನಲ್ಲಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ, ರೆಫರಲ್ ಪತ್ರ ತರಲು ಊರಿಗೆ ಹೋಗಬೇಕಾಯಿತು ಇತ್ಯಾದಿ. ವಂಚಕನಿಗೆ ಈ ಯಾವ ಗೊಂದಲವೂ ಇರುವುದಿಲ್ಲ. ಅವನ ಕಥೆ ನೇರವಾಗಿ, ಸೊಗಸಾಗಿ ಇರುತ್ತದೆ. ಲೆಕ್ಕಪತ್ರದಲ್ಲೂ ಹಾಗೆಯೇ; ಒಂದು ಚಿತ್ತೂ ಇಲ್ಲದ ಕ್ಯಾಶ್ ಪುಸ್ತಕ ಕಂಡರೆ ನಮ್ಮ ವೃತ್ತಿಯವರಿಗೆ ಅದು ಒಂದೇ ರಾತ್ರಿ ಕೂತು ಬರೆದದ್ದೆಂಬ ಅನುಮಾನ ಬರುತ್ತದೆ.

ಕಷ್ಟದಲ್ಲಿರುವವರಿಗೆ ಈ ಯೋಜನೆಗಳ ಅರಿವು ಇಲ್ಲದಿರುವುದೂ ಉಂಟು. ಅಂಥ ಕರೆಯಲ್ಲಿ ನಿಮ್ಮ 500 ರೂಪಾಯಿಗಿಂತ ಒಂದು ಯೋಜನೆಯ ಹೆಸರು ಹೇಳಿದ್ದೇ ದೊಡ್ಡ ದಾನವಾಗಬಹುದು.

ಬೆಂಗಳೂರಿನ ಮಿಲಾಪ್, ಮುಂಬೈನ ಕೆಟ್ಟೋ ಇಂಥ ವೇದಿಕೆಗಳ ಹೆಸರು ಹೇಳಿ ಬರುವ ವಿಡಿಯೋವಾದರೆ ವಿಡಿಯೋದಿಂದ ಹೊರಬಂದು, ಆ ವೇದಿಕೆಯ ಜಾಲತಾಣವನ್ನು ನೀವೇ ತೆರೆದು ಅಲ್ಲಿ ರೋಗಿಯ ಹೆಸರು ಹುಡುಕಿ. ಅಲ್ಲಿ ದಾಖಲೆಗಳು, ಇದುವರೆಗೆ ಸೇರಿದ ಮೊತ್ತ, ಕುಟುಂಬ ಕಾಲಕಾಲಕ್ಕೆ ಹಾಕಿದ ವರದಿ ಇರುತ್ತವೆ. ವೇದಿಕೆಯ ಅಸಲಿ ವಿಡಿಯೋಗಳನ್ನೇ ಕದ್ದು ಕ್ಯೂಆರ್ ಬದಲಿಸುವುದರಿಂದ ಈ ಹೆಜ್ಜೆಯನ್ನು ಬಿಡಬೇಡಿ. ಹಣ ಕಟ್ಟುವ ಪುಟದಲ್ಲಿ ವೇದಿಕೆಗೆಂದು ಒಂದಿಷ್ಟು 'ಟಿಪ್' ಮೊದಲೇ ಸೇರಿರಬಹುದು, ಅದು ಐಚ್ಛಿಕ, ಬೇಡವಾದರೆ ತೆಗೆಯಬಹುದು. ಮಧ್ಯವರ್ತಿಯ ಪಾಲು ಎಷ್ಟಾಗಬಹುದು ಎಂಬುದಕ್ಕೆ ಒಂದು ಅತಿರೇಕದ ಉದಾಹರಣೆ: ಸಿರಿಯಾದ ನಿರಾಶ್ರಿತರ ಶಿಬಿರಗಳಿಂದ ಟಿಕ್‌ಟಾಕ್ ನೇರಪ್ರಸಾರದಲ್ಲಿ ಕುಟುಂಬಗಳು ಗಂಟೆಗಟ್ಟಲೆ ಕೈಚಾಚಿ ಕೂರುತ್ತಿದ್ದವು. ನೋಡುಗರು ಕೊಟ್ಟ 'ಉಡುಗೊರೆ'ಗಳಲ್ಲಿ ಶೇಕಡ 70ರವರೆಗೂ ಕಂಪನಿಯೇ ಇಟ್ಟುಕೊಳ್ಳುತ್ತಿದೆ ಎಂದು 2022ರಲ್ಲಿ ಬಿಬಿಸಿ ಪತ್ತೆಹಚ್ಚಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಅಲ್ಲಿ ಅಕ್ಷರಶಃ ನಿಜವಾಗಿತ್ತು.

ಟ್ರಸ್ಟ್ ಅಥವಾ ಸಂಘದ ಹೆಸರಿನ ವಿಡಿಯೋಗಳಲ್ಲಿ 'ಸರ್ಕಾರದಿಂದ ಮಾನ್ಯತೆ ಪಡೆದ', '80ಜಿ ವಿನಾಯಿತಿ ಇದೆ', 'ನೀತಿ ಆಯೋಗದಲ್ಲಿ ನೋಂದಾಯಿತ' ಎಂಬ ಮಾತುಗಳು ದೊಡ್ಡ ಅಕ್ಷರದಲ್ಲಿರುತ್ತವೆ. ನೀತಿ ಆಯೋಗದ ದರ್ಪಣ ಜಾಲತಾಣದಲ್ಲಿ ಸಂಸ್ಥೆಯೊಂದು ತನ್ನ ವಿವರ ದಾಖಲಿಸಿ ಗುರುತಿನ ಸಂಖ್ಯೆ ಪಡೆಯುತ್ತದೆ. ಅದು ಸಂಸ್ಥೆ ಇದೆಯೆಂದು ಹೇಳುತ್ತದೆ, ಪ್ರಾಮಾಣಿಕವಾಗಿದೆಯೆಂದು ಹೇಳುವುದಿಲ್ಲ. ಆದರೂ ಆ ಸಂಖ್ಯೆಯನ್ನು ಅಲ್ಲಿ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಬೇರೆ ಸಂಸ್ಥೆಯ ಸಂಖ್ಯೆಯನ್ನು ಕದ್ದು ಬರೆದಿದ್ದರೆ ಪದಾಧಿಕಾರಿಗಳ ಹೆಸರು, ಊರು ತಾಳೆಯಾಗುವುದಿಲ್ಲ. 80ಜಿ ಎಂಬುದು (2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆಯಾದರೂ ಜನರ ಬಾಯಲ್ಲಿ ಉಳಿದಿರುವುದು ಈ ಹೆಸರೇ) ದಾನಿಗೆ ತೆರಿಗೆ ವಿನಾಯಿತಿ ಸಿಗುವಂತೆ ಸಂಸ್ಥೆಗೆ ಕೊಡುವ ಮಾನ್ಯತೆಯೇ ಹೊರತು ವ್ಯಕ್ತಿಗಲ್ಲ. ಒಬ್ಬ ರೋಗಿಯ ಖಾತೆಗೆ ನೇರವಾಗಿ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಇರುವುದಿಲ್ಲ. ತಂದೆಯ ಖಾತೆ ಕೊಟ್ಟು 80ಜಿ ರಸೀದಿ ಕೊಡುತ್ತೇವೆ ಎನ್ನುವ ವಿಡಿಯೋ ಅಲ್ಲಿಯೇ ಸಿಕ್ಕಿಬೀಳುತ್ತದೆ. 2021-22ರ ಆರ್ಥಿಕ ವರ್ಷದಿಂದ ಬಂದಿರುವ ವ್ಯವಸ್ಥೆಯಲ್ಲಿ ಸಂಸ್ಥೆ ತಾನು ಪಡೆದ ದೇಣಿಗೆಗಳ ವಿವರವನ್ನು ದಾನಿಯ ಪ್ಯಾನ್ ಮೊದಲಾದ ಗುರುತಿನೊಂದಿಗೆ ಇಲಾಖೆಗೆ ಸಲ್ಲಿಸಿ, 10ಬಿಇ ಎಂಬ ಪ್ರಮಾಣಪತ್ರವನ್ನು ಇಲಾಖೆಯ ಜಾಲತಾಣದಿಂದಲೇ ಇಳಿಸಿ ದಾನಿಗೆ ಕೊಡಬೇಕು. ಬಣ್ಣದ ರಸೀದಿಯನ್ನು ಯಾರೂ ಅಚ್ಚುಹಾಕಬಹುದು, 10ಬಿಇ ಹಾಗಲ್ಲ. 'ನನ್ನ ಪ್ಯಾನ್ ಕೊಡುತ್ತೇನೆ, 10ಬಿಇ ಕೊಡುವಿರಾ' ಎಂದು ಮೊದಲೇ ಕೇಳಿ. ನೀವು ತೆರಿಗೆ ಕಟ್ಟುವಷ್ಟು ಆದಾಯದವರಲ್ಲದಿದ್ದರೂ ಕೇಳಿ.

ಮಗಳ ವಿಷಯದಲ್ಲಿ ಅವಳ ಪಾಸ್‌ಪೋರ್ಟ್ ಮುಖ್ಯ. ಭಾರತದ ಪೌರಳಾಗಿ ಉಳಿದಿದ್ದರೆ ಅವಳು ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆಯಾಗುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವಂಥದು) ಇದ್ದರೂ, ಅವಳ ಹಣ ವಿದೇಶಿ ಮೂಲದ್ದು. ಅದನ್ನು ಪಡೆಯುವ ಭಾರತದ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು ಮತ್ತು 2020ರ ತಿದ್ದುಪಡಿಯ ಬಳಿಕ ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಖಾತೆಗೆ. ಅಮೆರಿಕದ ಪೌರರಿಂದ ಹಣ ಕೇಳುವ ಟ್ರಸ್ಟ್ ತುಮಕೂರಿನದೋ ಮೈಸೂರಿನದೋ ಶಾಖೆಯ ಖಾತೆ ಸಂಖ್ಯೆ ಕೊಟ್ಟರೆ ಅಲ್ಲೇನೋ ಸರಿಯಿಲ್ಲ. ಅಮೆರಿಕದಲ್ಲೇ ನೋಂದಾಯಿತ ಸಂಸ್ಥೆ ಎಂದು ಹೇಳಿಕೊಂಡರೆ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ಜಾಲತಾಣದಲ್ಲಿ ವಿನಾಯಿತಿ ಪಡೆದ ಸಂಸ್ಥೆಗಳನ್ನು ಹುಡುಕುವ ಸೌಲಭ್ಯವಿದೆ.

ಪ್ರಾಮಾಣಿಕ ಸಂಗ್ರಹದ ಒಂದು ಲಕ್ಷಣ ವಿಡಿಯೋ ನೋಡಿದ ದಿನ ಕಾಣುವುದಿಲ್ಲ, ಆಮೇಲೆ ಕಾಣುತ್ತದೆ: ಅದು ನಿಲ್ಲುತ್ತದೆ. 2024ರ ಏಪ್ರಿಲ್‌ನಲ್ಲಿ, ಸೌದಿ ಅರೇಬಿಯಾದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೇರಳದ ಒಬ್ಬರನ್ನು ಉಳಿಸಲು, ಆ ಪ್ರಕರಣದಲ್ಲಿ ಸತ್ತವನ ಕುಟುಂಬಕ್ಕೆ ಕೊಡಬೇಕಾದ ಸುಮಾರು 34 ಕೋಟಿ ರೂಪಾಯಿ ಪರಿಹಾರಧನವನ್ನು ಜನ ಕೂಡಿಸಿದರು. ಸಂಗ್ರಹಕ್ಕೆಂದೇ ಮಾಡಿದ ಆ್ಯಪ್‌ನಲ್ಲಿ ಎಷ್ಟು ಬಂತೆಂಬುದು ಎಲ್ಲರಿಗೂ ಕಾಣುತ್ತಿತ್ತು, ಗುರಿ ಮುಟ್ಟಿದ ಕೂಡಲೇ ಇನ್ನು ಕಳುಹಿಸಬೇಡಿ ಎಂದು ಸಂಘಟಕರೇ ಹೇಳಿದರು. ಗುರಿ ಎಂಟು ಲಕ್ಷ ಎಂದವರು ಆರು ತಿಂಗಳ ಬಳಿಕವೂ ಅದೇ ಎಂಟು ಲಕ್ಷ ಕೇಳುತ್ತಿದ್ದರೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಬ್ಬ ವ್ಯಕ್ತಿಯ ಚಿಕಿತ್ಸೆಗಾಗಿ ಜನರಿಂದ ಹಣ ಕೂಡಿಸುವುದನ್ನು ನಿಯಂತ್ರಿಸಲೆಂದೇ ಇರುವ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಇಂಥ ಸಂಗ್ರಹದ ಮೇಲೆ ಸರ್ಕಾರದ ನಿಗಾ ಬೇಕೆಂದು ಕೇರಳ ಹೈಕೋರ್ಟ್ 2021ರಲ್ಲೇ ಹೇಳಿತ್ತು. ಹಾಗಾಗಿ ಉಳಿದ ಹಣವೇನಾಯಿತು ಎಂದು ಕೇಳುವ ಅಧಿಕಾರಿ ಯಾರೂ ಇಲ್ಲದ ಕಡೆ ಕೊಟ್ಟವರೇ ಕೇಳಬೇಕಾಗುತ್ತದೆ. ನೂರು ರೂಪಾಯಿ ಕೊಟ್ಟವರೂ ಸಂಕೋಚಪಡದೆ ಕೇಳಬಹುದು.

ನಿಮ್ಮ ಯಜಮಾನರ ಮಾತಿಗೆ ನನ್ನ ಅರ್ಧ ಒಪ್ಪಿಗೆಯಿದೆ. ನೂರರಲ್ಲಿ ಒಂದು ನಿಜವಿದೆ ಎಂದು ನೂರಕ್ಕೂ ಇಪ್ಪತ್ತಿಪ್ಪತ್ತು ರೂಪಾಯಿ ಹಾಕಿದರೆ ತೊಂಬತ್ತೊಂಬತ್ತು ವಂಚಕರ ಕಸುಬು ಮುಂದುವರಿಯುತ್ತದೆ, ನಿಜವಾದ ಮಗುವಿಗೆ ಇಪ್ಪತ್ತು ರೂಪಾಯಿ ಸಿಗುತ್ತದೆ. ಅದರ ಬದಲು ತಿಂಗಳಿಗೆ ಒಂದನ್ನೇ ಆರಿಸಿಕೊಂಡು, ಎರಡು ಫೋನ್ ಕರೆ ಮಾಡಿ, ಎರಡು ಸಾವಿರವನ್ನೂ ಆಸ್ಪತ್ರೆಯ ಬಿಲ್ಲಿಗೇ ಕಟ್ಟಿ. ದಿನಕ್ಕೊಂದು ವಿಡಿಯೋ ನೋಡಿ ದಿನವೂ ತೀರ್ಮಾನಿಸುವ ಹಿಂಸೆಯೂ ತಪ್ಪುತ್ತದೆ. ಹಾಸನದ ಜಿಲ್ಲಾ ಆಸ್ಪತ್ರೆಗೇ ಹೋಗಿ ವಿಚಾರಿಸಿದರೆ ಯಾವ ವಿಡಿಯೋದಲ್ಲೂ ಬಾರದ, ಬಸ್ ಚಾರ್ಜಿಗೂ ಪರದಾಡುವ ಮನೆಮಂದಿ ಸಿಗುತ್ತಾರೆ.

ಕಳೆದ ತಿಂಗಳು ಹೋದ 2,000 ರೂಪಾಯಿಯ ಬಗ್ಗೆ: ಸೈಬರ್ ವಂಚನೆಯಲ್ಲಿ ಹಣ ಹಿಡಿದಿಡುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು, ಹಾಗಾಗಿ ಮುಂದೆ ಎಂದಾದರೂ ಹಣ ಹಾಕಿದ ತಕ್ಷಣ ಅನುಮಾನ ಬಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಿಂಗಳು ಕಳೆದಿರುವುದರಿಂದ ನಿಮ್ಮ ಹಣ ಮರಳುವ ಸಾಧ್ಯತೆ ಕಡಿಮೆ. ಆದರೂ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲೋ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲೋ ದೂರು ಕೊಡಿ. ಕಂಪ್ಯೂಟರ್ ಸಾಧನ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಸೆರೆವಾಸವಿದೆ. ಯುಪಿಐ ಆ್ಯಪ್‌ನಲ್ಲಿ ಆ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ, ಹಣ ಪಡೆದವರ ಹೆಸರು, ಎರಡೂ ವಿಡಿಯೋಗಳ ಸ್ಕ್ರೀನ್‌ಶಾಟ್ ಮತ್ತು ಕೊಂಡಿಗಳನ್ನು ಮೊದಲು ತೆಗೆದಿಟ್ಟುಕೊಳ್ಳಿ, ವಿಡಿಯೋ ಮಾಯವಾದ ಮೇಲೆ ಅವು ಸಿಗುವುದಿಲ್ಲ. ಆಮೇಲೆ ಆ ಮಗುವಿನ ಚಿತ್ರವನ್ನು ಲೆನ್ಸ್‌ನಲ್ಲಿ ಹುಡುಕಿ ಮೂಲ ಕುಟುಂಬ ಅಥವಾ ವೇದಿಕೆ ಪತ್ತೆಯಾದರೆ, ತಮ್ಮ ವಿಡಿಯೋ ಕದ್ದು ಬೇರೆಯವರು ಹಣ ಎತ್ತುತ್ತಿದ್ದಾರೆಂದು ಅವರಿಗೂ ಒಂದು ಸಾಲು ಬರೆದು ತಿಳಿಸಿ.